ಬಸ್ಸು ಹತ್ತಬಾರದ ಹರಕೆ

ಆಗಸ್ಟ್ 9, ಶನಿವಾರ

ಬಿಸ್ಮಿಲ್ಲಾ. ನಮ್ಮನೆಯವರ ಬೀಪಿ ಬೆಳಿಗ್ಗೆ ಸರಿಯಿತ್ತು, ಸಂಜೆ ಕೊಂಚ ಏರಿತ್ತು. ಮಾತ್ರೆ ಎರಡು ಹೊತ್ತೂ ಕೊಟ್ಟೆ. ದಿನಾ ಬೀಪಿ ಬರೆದಿಡಿ ಎಂದು ಡಾಕ್ಟರು ಹೇಳಿದ ಮೇಲೆ ತಂದ ಪುಸ್ತಕ ಇದು. ಒಂದು ಸಾಲು ಬರೆದರೆ ಮಿಕ್ಕ ಪುಟವೆಲ್ಲ ಖಾಲಿ ಬಿದ್ದಿರುತ್ತದೆ. ಕಾಗದ ಹಾಳು ಮಾಡುವುದು ಪಾಪ. ಅದಕ್ಕೇ ಇವತ್ತಿನಿಂದ ನನ್ನ ಮಾತೂ ನಾಲ್ಕು ಬರೆಯುತ್ತೇನೆ.

ಇವತ್ತು ಹರಕೆ ತೀರಿಸಲು ಹೊರಟು, ತೀರಿಸದೆ ವಾಪಸು ಬಂದೆ.

ಹೋದ ಅಕ್ಟೋಬರ್‌ನಲ್ಲಿ ನುಕುಸ್‌ನ ಆಸ್ಪತ್ರೆಯಲ್ಲಿ ಇವರ ಎದೆ ಕೊಯ್ದಾಗ, ನಾನು ಮೆಟ್ಟಿಲ ಮೇಲೆ ಕೂತು ದೇವರಿಗೆ ಹರಕೆ ಹೊತ್ತಿದ್ದೆ. ಇವರು ಎದ್ದು ಕೂತರೆ, ವರ್ಷ ತುಂಬುವುದರೊಳಗೆ ನಮ್ಮೂರು ಜೆತಿಕುದುಕ್‌ನಿಂದ ಅಕ್‌ಕುಮ್ ಅತಾ ದರ್ಗಾದವರೆಗೆ ಮರಳುಗಾಡಿನ ದಾರಿಯನ್ನು ಕಾಲ್ನಡಿಗೆಯಲ್ಲೇ ಹೋಗಿ, ಅಲ್ಲಿ ಎರಡು ರಕಾತ್ ನಮಾಜು ಮಾಡುತ್ತೇನೆ ಎಂದು. ದೇವರು ದೊಡ್ಡವನು, ಇವರು ಎದ್ದು ಕೂತರು. ಕೂತವರು ಕೂತೇ ಇದ್ದಾರೆ. ಮೂವತ್ತು ವರ್ಷ ಲಾರಿ ಓಡಿಸಿದ ಗಂಡಸು ಈಗ ಗೇಟಿನಾಚೆ ಕಾಲಿಡುವುದಿಲ್ಲ. ಎದೆಯೊಳಗಿನ ಹೊಲಿಗೆ ಬಿಚ್ಚಿಕೊಂಡರೆ ಎಂಬ ಭಯ. ಟೀವಿ ನೋಡುತ್ತಾರೆ, ಟೀವಿ ಇಲ್ಲದಾಗ ಗೋಡೆ ನೋಡುತ್ತಾರೆ.

ಇವತ್ತು ಬೆಳಗಿನ ನಮಾಜು ಮುಗಿಸಿ, ಸೊಸೆ ಬೀಬೀನಾಜ್‌ಗೆ ಮನೆ ಒಪ್ಪಿಸಿ, ಒಂದು ರೊಟ್ಟಿ ಒಂದು ಬಾಟಲಿ ನೀರು ಹಿಡಿದು ಹೊರಟೆ. ಊರ ಕೊನೆಯ ಮನೆ ದಾಟುವ ಹೊತ್ತಿಗೆ ಒಂದು ಕಾರು ನಿಂತಿತು. "ಹತ್ತಿ ಚಿಕ್ಕಮ್ಮ, ಎಲ್ಲಿಗೆ?" ಹರಕೆ ಅಂದೆ, ಬಿಟ್ಟು ಹೋದ. ಸ್ವಲ್ಪ ದೂರಕ್ಕೆ ಟ್ರ್ಯಾಕ್ಟರು ನಿಂತಿತು. ಅವನಿಗೂ ಹೇಳಿದೆ. ಮೂರನೆಯದಾಗಿ ನಿಂತಿದ್ದು ನಮ್ಮ ಮುಲ್ಲಾ ಅವರ ಕಾರೇ. ನಾನು ಬಾಯಿ ತೆರೆಯುವುದರೊಳಗೆ ಅವರ ಹೆಂಡತಿ ಇಳಿದು, "ಅಯ್ಯೋ ಹೂರ್ಲಿಮಾನ್, ಈ ಬಿಸಿಲಲ್ಲಿ ಒಬ್ಳೇನಾ? ಗಂಡನಿಗೆ ಏನಾಯ್ತು?" ಎಂದು ಅಳುತ್ತಾ ನನ್ನನ್ನು ಒಳಗೆ ತಳ್ಳಿದರು. ಮುಲ್ಲಾ ಅವರು ಕಾರು ತಿರುಗಿಸಿ ನೇರ ನಮ್ಮ ಮನೆ ಬಾಗಿಲಿಗೆ ತಂದು ಬಿಟ್ಟರು. ವಿಷಯ ಏನು ಎಂದು ಹೇಳಲು ಆದದ್ದು ಚಹಾ ಕುಡಿಯುವಾಗಲೇ.

ನಮ್ಮ ಸೀಮೆಯಲ್ಲಿ ನಡೆದು ಹೋಗುವ ಹೆಂಗಸನ್ನು ನೋಡಿಯೂ ದಾಟಿ ಹೋಗುವ ಗಂಡಸು ಹುಟ್ಟಿಲ್ಲ. ಹುಟ್ಟಿದರೂ ಅವನ ತಾಯಿ ಅವನನ್ನು ಮನೆಗೆ ಸೇರಿಸುವುದಿಲ್ಲ.

ಆಗಸ್ಟ್ 14, ಗುರುವಾರ

ಬೀಪಿ ಸರಿಯಿದೆ.

ಶಾಲೆಯ ಡ್ರಿಲ್ ಮಾಸ್ತರು ಜೊಲ್ದಸ್ ರೊಟ್ಟಿ ಅಂಗಡಿಯ ಗೋಡೆಗೆ ಕಾಗದ ಅಂಟಿಸುತ್ತಿದ್ದ. ಅಕ್ಟೋಬರ್ ಹನ್ನೆರಡಕ್ಕೆ ಅವನ ಮ್ಯಾರಥಾನ್. ಇದು ಮೂರನೆಯ ವರ್ಷ. ಮೊದಲ ವರ್ಷ ಓಡಿದವರು ಏಳು ಜನ, ನೋಡಲು ಬಂದ ನಾಯಿಗಳು ಅದಕ್ಕಿಂತ ಜಾಸ್ತಿ. ಗಟ್ಟಿಗರು ಊರಿಂದ ದರ್ಗಾಕ್ಕೆ ಹೋಗಿ ವಾಪಸು ಓಡಿ ಬರುತ್ತಾರಂತೆ. ಅರ್ಧ ಮ್ಯಾರಥಾನಿನವರು ದರ್ಗಾದಲ್ಲೇ ನಿಲ್ಲುತ್ತಾರಂತೆ.

ನಾನು ಸುಮ್ಮನೆ ದಾಟಿ ಬರುತ್ತಿದ್ದೆ. ಅಷ್ಟರಲ್ಲಿ ಅವನು ಅಂಗಡಿಯವನಿಗೆ ಹೇಳಿದ್ದು ಕಿವಿಗೆ ಬಿತ್ತು. "ಅವತ್ತು ಮಧ್ಯಾಹ್ನದವರೆಗೂ ದರ್ಗಾ ರಸ್ತೇಲಿ ಒಂದು ಗಾಡೀನೂ ಬಿಡಲ್ಲ."

ನನ್ನ ಕಾಲು ಅಲ್ಲೇ ನಿಂತಿತು. ಒಂದು ಗಾಡಿಯೂ ಇಲ್ಲ. ದಾರಿಯುದ್ದಕ್ಕೂ ನೀರು ಇಡುತ್ತಾರೆ. ಬಿದ್ದರೆ ಎತ್ತಲು ನರ್ಸಮ್ಮ ಇರುತ್ತಾರೆ. ಹರಕೆ ಹೊತ್ತವಳಿಗೆ ಇದಕ್ಕಿಂತ ಇನ್ನೇನು ಬೇಕು? ಮೇಲಾಗಿ ಇವರ ಆಪರೇಷನ್ ಆದದ್ದು ಅಕ್ಟೋಬರ್ ಹದಿನಾಲ್ಕಕ್ಕೆ. ವರ್ಷ ತುಂಬಲು ಎರಡು ದಿನ ಇರುವಾಗ ದೇವರು ರಸ್ತೆ ತೆರವು ಮಾಡಿಸಿದ್ದಾನೆ.

"ಹೆಸರು ಬರ್ಕೋ" ಅಂದೆ.

"ಯಾರದ್ದು ಅಪಾ?" ಅಕ್ಕನಂಥವರಿಗೆ ನಮ್ಮಲ್ಲಿ ಅಪಾ ಎನ್ನುತ್ತಾರೆ.

"ನಿಮ್ಮಜ್ಜೀದು. ನನ್ನದಲ್ದೆ ಇನ್ಯಾರದ್ದು?"

ಪಾಪ, ಅವನು ನಗಲಿಲ್ಲ. ಕೂರಿಸಿ ವಿವರಿಸಿದ. ಎಲ್ಲರ ಹಿಂದೆ ಒಂದು ಬಸ್ಸು ನಿಧಾನಕ್ಕೆ ಬರುತ್ತದೆ. ಅದು ಯಾರನ್ನು ಬಂದು ಮುಟ್ಟುತ್ತದೋ ಅವರು ಹತ್ತಲೇಬೇಕು. "ಸುಮ್ನೆ ನಡೆದ್ರೆ ಅರ್ಧ ದಾರೀಲೇ ಹಿಡ್ಕೊಳ್ಳುತ್ತೆ ಅಪಾ. ಸ್ವಲ್ಪನಾದ್ರೂ ಓಡಬೇಕಾಗುತ್ತೆ."

ಅಲ್ಲಿಂದ ನೇರ ಮುಲ್ಲಾ ಅವರ ಮನೆಗೆ ಹೋದೆ. ನಡೆಯುತ್ತೇನೆ ಎಂದು ಹರಕೆ ಹೊತ್ತವಳು ಓಡಿದರೆ ಹರಕೆ ಸಲ್ಲುತ್ತದೆಯೇ ಎಂದು ಕೇಳಿದೆ. ಅವರು ಗಡ್ಡ ಸವರಿಕೊಂಡರು. "ಹಾಜಿರಾ ತಾಯಿ ಸಫಾ ಮರ್ವಾ ಗುಡ್ಡಗಳ ಮಧ್ಯೆ ಕೂಸಿನ ನೀರಿಗೆ ಅಂತ ಓಡ್ಲಿಲ್ವಾ? ಅವರನ್ನ ಯಾರಾದ್ರೂ ಯಾಕೆ ಓಡಿದೆ ತಾಯಿ ಅಂತ ಕೇಳಿದ್ರಾ? ಕಾಲು ಕಾಲೇ. ಆದ್ರೆ ಗಾಡಿ ಗಾಡಿನೇ. ಒಂದು ಮಾರು ದೂರ ಹತ್ತಿದ್ರೂ ಹರಕೆ ಕೆಟ್ಟ ಹಾಗೆ."

"ಹೋದ ಶನಿವಾರ ನೀವೇ ಹತ್ತಿಸ್ಕೊಂಡ್ರಲ್ಲ."

"ಅದು ನನ್ನ ಹೆಂಡತಿ ಲೆಕ್ಕಕ್ಕೆ ಹೋಗುತ್ತೆ" ಎಂದರು.

ಆಗಸ್ಟ್ 18, ಸೋಮವಾರ

ಬೀಪಿ ಕೊಂಚ ಜಾಸ್ತಿ. ನಾನು ಹೇಳಿದ ಸುದ್ದಿಯಿಂದಲೇ ಇರಬೇಕು. "ಐವತ್ತು ವರ್ಷದ ಹೆಂಗಸು, ಮೊಮ್ಮಕ್ಕಳು ಇರೋಳು" ಎಂದು ಶುರು ಮಾಡಿದರು. ನಿಮಗೋಸ್ಕರ ಹೊತ್ತ ಹರಕೆ ಇದು ಎಂದೆ. ಟೀವಿ ದನಿ ಜೋರು ಮಾಡಿದರು.

ಇವತ್ತು ಬೆಳಕು ಹರಿಯುವ ಮುಂಚೆ ಮೊದಲ ಸಲ ಓಡಿದೆ. ಕಾಲಿಗೆ ತೊಗಲಿನ ಕಾಲುಚೀಲ, ಅದರ ಮೇಲೆ ರಬ್ಬರ್ ಮೆಟ್ಟು. ಉದ್ದ ಅಂಗಿ, ತಲೆಗೆ ಗಟ್ಟಿಯಾಗಿ ಕಟ್ಟಿದ ವಸ್ತ್ರ. ನಮ್ಮ ಗೇಟಿನಿಂದ ನೀರಿನ ಪಂಪ್‌ಹೌಸ್‌ವರೆಗೆ ಎಂದುಕೊಂಡಿದ್ದೆ. ಮೂರನೇ ಮನೆಯವರೆಗೆ ಹೋಗುವಷ್ಟರಲ್ಲಿ ಉಸಿರು ಬಾಯಿಗೆ ಬಂತು. ರಬ್ಬರ್ ಮೆಟ್ಟು ಚಟಚಟ ಎಂದು ಊರನ್ನೆಲ್ಲ ಎಬ್ಬಿಸಿತು. ಎದುರುಮನೆಯ ಕಿಜ್ಲಾರ್ಗುಲ್ ಹಾಲು ಕರೆಯುವುದನ್ನು ಬಿಟ್ಟು ಗೋಡೆ ಮೇಲಿಂದ ಇಣುಕಿ ಕೇಳಿದಳು. "ಏನೇ ಹೂರ್ಲಿಮಾನ್, ಕರು ತಪ್ಪಿಸ್ಕೊಂಡಿತಾ?"

"ಇಲ್ಲ ಕಣೇ. ಓಡ್ತಾ ಇದ್ದೀನಿ."

"ಯಾವ ಕಡೆ ಹೋಯ್ತು ಹೇಳು, ನಾನೂ ಬರ್ತೀನಿ ಹಿಡಿಯೋಕೆ" ಎಂದು ಕೋಲು ತಂದಳು. ಎಷ್ಟು ಹೇಳಿದರೂ ಕರು ಇಲ್ಲ ಎಂದು ನಂಬಲಿಲ್ಲ. ಕೊನೆಗೆ ಇಬ್ಬರೂ ಪಂಪ್‌ಹೌಸ್‌ವರೆಗೆ ಇಲ್ಲದ ಕರು ಹುಡುಕುತ್ತಾ ನಡೆದು ಬಂದೆವು.

ಆಗಸ್ಟ್ 27, ಬುಧವಾರ

ಬೀಪಿ ಸರಿ. ಪಂಪ್‌ಹೌಸ್ ಮುಟ್ಟಿದೆ, ನಿಲ್ಲದೆ. ತೊಡೆ ಕಲ್ಲಾಗಿದೆ. ನಮಾಜಿಗೆ ಕೂತರೆ ಏಳಲು ಕಷ್ಟ. ಇದೂ ದೇವರ ಸೇವೆ, ಇಬಾದತ್ತೇ ಎಂದು ಸಮಾಧಾನ ಮಾಡಿಕೊಂಡೆ.

ಓಟದ ಇನ್ನೊಂದು ಕಷ್ಟ ಬರೆಯಲೇಬೇಕು. ನಮ್ಮಲ್ಲಿ ಹಿರಿಯರು ಎದುರಾದರೆ ನಿಂತು, ಎದೆಗೆ ಕೈಯಿಟ್ಟು ಸಲಾಂ ಹೇಳಿ, ಮನೆಯವರು ಚೆನ್ನಾಗಿದ್ದಾರಾ, ಮಕ್ಕಳು ಚೆನ್ನಾಗಿದ್ದಾರಾ, ಕುರಿಗಳು ಚೆನ್ನಾಗಿವೆಯಾ ಎಂದು ಕೇಳಬೇಕು. ಬೆಳಿಗ್ಗೆ ಊರಿನ ಮುದುಕರೆಲ್ಲ ಜಗಲಿಯಲ್ಲೇ ಇರುತ್ತಾರೆ. ಇವತ್ತು ಒಬ್ಬರಿಗೆ ಓಡುತ್ತಲೇ ಸಲಾಂ ಹೇಳಿ ದಾಟಿದೆ. ನಾನು ವಾಪಸು ಬರುವಷ್ಟರಲ್ಲಿ ಅವರು ನಮ್ಮ ಮನೆಯಲ್ಲಿ ಕೂತು, "ನಿನ್ನ ಹೆಂಡ್ತಿಗೆ ನನ್ನ ಮೇಲೆ ಸಿಟ್ಟಾ?" ಎಂದು ಇವರನ್ನು ಕೇಳುತ್ತಿದ್ದರು. ಇನ್ನು ಮೇಲೆ ಮುದುಕರು ಏಳುವ ಮುಂಚೆ ಊರು ದಾಟಬೇಕು.

ಸೆಪ್ಟೆಂಬರ್ 5, ಶುಕ್ರವಾರ

ಬೀಪಿ ಸರಿ ಎಂದರು ಇವರು. ಜೊಲ್ದಸ್ ತನ್ನ ಅಕ್ಕನ ಹಳೇ ಕ್ಯಾನ್ವಾಸ್ ಶೂ ಕೊಟ್ಟ. ಸ್ವಲ್ಪ ದೊಡ್ಡದು. ಮುಂದೆ ಹತ್ತಿ ತುರುಕಿದೆ. ಸದ್ದೇ ಇಲ್ಲ. ಕಾಲು ನನ್ನದೇ ಅಲ್ಲವೇನೋ ಎನ್ನುವ ಹಾಗಿತ್ತು. ಹರಕೆಗಾಗಿ ಅಲ್ಲದಿದ್ದರೆ ಇಂಥದ್ದನ್ನು ತೊಡುತ್ತಲೇ ಇರಲಿಲ್ಲ.

ಸೆಪ್ಟೆಂಬರ್ 11, ಗುರುವಾರ

ಪಂಪ್‌ಹೌಸ್ ದಾಟಿ ರೈಲು ಹಳಿಯವರೆಗೆ ಹೋದೆ. ಇನ್ನೂ ಹೋಗಬಹುದಿತ್ತು. ರೊಟ್ಟಿ ಸುಡುವ ಹೊತ್ತಾಯಿತಲ್ಲ ಎಂದು ವಾಪಸು ಬಂದೆ. ಸೂರ್ಯ ಮೇಲೇಳುವಾಗ ಮರಳು ಒಂದು ಗಳಿಗೆ ಏಪ್ರಿಕಾಟ್ ಬಣ್ಣಕ್ಕೆ ತಿರುಗುತ್ತದೆ. ಐವತ್ತು ವರ್ಷ ಈ ಸೀಮೆಯಲ್ಲೇ ಇದ್ದೇನೆ. ಆ ಹೊತ್ತಿಗೆ ಯಾವಾಗಲೂ ತಂದೂರಿನೊಳಗೆ ತಲೆ ಹಾಕಿರುತ್ತಿದ್ದೆನಾದ್ದರಿಂದ ನೋಡಿರಲಿಲ್ಲ.

ಬರುವಾಗ ಇವರು ಗೇಟಿನ ಒಳಗೆ ನಿಂತಿದ್ದರು. ಯಾಕೆ ಇಲ್ಲಿ ಎಂದು ಕೇಳಿದೆ.

"ನಿನ್ನೆಗಿಂತ ತಡ ಆಯ್ತು."

"ನಿನ್ನೆಗಿಂತ ದೂರ ಹೋಗಿದ್ದೆ."

"ಮೊದಲೇ ಹೇಳಿ ಹೋಗ್ಬೇಕು. ಲಾರಿ ಬಿಡೋವಾಗ ನಾನು ಹೇಳಿ ಹೋಗ್ತಿರ್ಲಿಲ್ವಾ?"

ಮೂವತ್ತು ವರ್ಷದಲ್ಲಿ ಒಂದು ಸಲವೂ ಹೇಳಿ ಹೋಗಿರಲಿಲ್ಲ.

ಸೆಪ್ಟೆಂಬರ್ 19, ಶುಕ್ರವಾರ

ಪಾಲ್ಜಾದಾ ಅತ್ತಿಗೆಯ ಫೋನು. ಇವರ ಅಕ್ಕ. ದರ್ಗಾ ದಾರಿಯಲ್ಲೇ ಅವರ ಊರು, ಮೂರರಲ್ಲಿ ಎರಡು ಪಾಲು ದಾರಿ ಮುಗಿದ ಮೇಲೆ ಸಿಗುತ್ತದೆ. ನಾನು ಮದುವೆಯಾಗಿ ಬಂದ ದಿನ ನನ್ನ ಹಿಟ್ಟು ನಾದುವ ಕೈ ನೋಡಿ "ಇವಳು ಇಟ್ಟಿಗೆ ಮಾಡೋ ಮನೆಯವಳಾ?" ಎಂದು ಕೇಳಿದವರು. ಆ ದನಿ ಇವತ್ತಿಗೂ ಹಾಗೇ ಇದೆ.

"ಲೇ ಹೂರ್ಲಿಮಾನ್, ಕೇಳ್ದೆ. ನಮ್ಮ ಮನೆತನದಲ್ಲಿ ಓಡಿ ಹೋದ ಸೊಸೆ ಇಲ್ಲಿತನಕ ಇರ್ಲಿಲ್ಲ."

"ಓಡಿ ಹೋಗ್ತಿಲ್ಲ ಅತ್ತಿಗೆ. ಓಡ್ತಿದ್ದೀನಿ ಅಷ್ಟೇ. ಹರಕೆ."

"ಯಾವ ದಾರಿ?"

"ನಿಮ್ಮೂರ ಮೇಲೇನೇ."

"ನಮ್ಮ ಬಾಗಿಲ ಮುಂದೆ ಬಂದು ತಿನ್ನದೆ ಹೋಗೋ ಯೋಚನೆ ಇಲ್ಲ ತಾನೇ?"

ಅತ್ತಿಗೆ, ಹಿಂದೆ ಬಸ್ಸು ಬರುತ್ತದೆ, ನಿಂತರೆ ಹಿಡಿಯುತ್ತದೆ, ಹರಕೆ ಕೆಡುತ್ತದೆ ಎಂದು ವಿವರಿಸಿದೆ. ಅವರು ಕೇಳಿಸಿಕೊಂಡರೋ ಇಲ್ಲವೋ. "ಕುರಿ ಗುರುತು ಮಾಡಿ ಇಟ್ಟಿದ್ದೀನಿ" ಎಂದು ಫೋನ್ ಇಟ್ಟರು.

ಇದೊಂದು ಹೊಸ ಸಂಕಟ. ಕುರಿ ಕೊಯ್ದ ಮನೆಯಲ್ಲಿ ಕೂರದೆ ಹೋದರೆ ಅತ್ತಿಗೆ ಸಾಯುವವರೆಗೆ ಮುಖ ನೋಡುವುದಿಲ್ಲ. ಕೂತರೆ ಮಾಂಸ ಬರುವ ಮೊದಲೇ ಬಸ್ಸು ಬರುತ್ತದೆ. ಇವರನ್ನು ಕೇಳಿದರೆ, "ಅಕ್ಕನ ಮಾತಿಗೆ ನಾನು ಯಾವತ್ತು ಎದುರಾಡಿದ್ದೀನಿ?" ಎನ್ನುತ್ತಾರೆ.

ಸೆಪ್ಟೆಂಬರ್ 28, ಭಾನುವಾರ

ಮೂರು ದಿನದಿಂದ ಓಡಿಲ್ಲ. ಬಜಾರಿನಲ್ಲಿ ಇಬ್ಬರು ಗಂಡಸರು ನನ್ನನ್ನು ನೋಡಿ ಓಡುವ ಹಾಗೆ ಕುಣಿದು ತೋರಿಸಿಕೊಂಡು ನಕ್ಕರು. ಸೊಸೆಗೂ ನಾಚಿಕೆಯಾಯಿತು. ಕಾಲ್ಬೆರಳಿನ ಉಗುರು ಕಪ್ಪಾಗಿದೆ. ಹರಕೆ ಹೊತ್ತ ಹೊತ್ತಿನಲ್ಲಿ ಕುರಿ ಬಲಿ ಎಂದಿದ್ದರೆ ಇಷ್ಟು ಹೊತ್ತಿಗೆ ಮುಗಿದಿರುತ್ತಿತ್ತು. ಬಾಯಿಂದ ಯಾಕೆ ಕಾಲ್ನಡಿಗೆ ಎಂದು ಬಂತೋ.

ಮೈ ಭಾರ. ಮನೆಯ ಗೋಡೆಗಳು ಹತ್ತಿರ ಬಂದ ಹಾಗಿದೆ. ಇದು ಹವೆಯಿಂದ ಇರಬೇಕು.

ಸೆಪ್ಟೆಂಬರ್ 29, ಸೋಮವಾರ

ಓಡಿದೆ. ರೈಲು ಹಳಿ ದಾಟಿ ಉಪ್ಪಿನ ಬಯಲಿನವರೆಗೆ. ಮೈ ಹಗುರ. ಹವೆ ಬದಲಾಯಿತು ಅನ್ನಿಸುತ್ತದೆ.

ಅಕ್ಟೋಬರ್ 6, ಸೋಮವಾರ

ಇವರು ಪಂಪ್‌ಹೌಸ್‌ವರೆಗೆ ನನ್ನ ಜೊತೆ ನಡೆದು ಬಂದರು. ಕಾಲು ಹೇಗೆ ಊರಬೇಕು ಎಂದು ನನಗೆ ಹೇಳಿಕೊಡಲು ಬಂದದ್ದು. ತಾವು ಒಂದು ದಿನವೂ ಓಡಿದವರಲ್ಲ, ಆದರೂ ಲಾರಿಯ ಚಕ್ರದ ಉದಾಹರಣೆ ಕೊಟ್ಟು ಒಂದು ಗಂಟೆ ಹೇಳಿದರು. ಮನೆಗೆ ಬಂದ ಮೇಲೂ ಮಾತು ಮುಗಿಯಲಿಲ್ಲ, ಕೇಳುತ್ತಾ ಕೇಳುತ್ತಾ ಚಹಾ ಆರಿಹೋಯಿತು.

ಅಕ್ಟೋಬರ್ 11, ಶನಿವಾರ

ಹೊರಗಿನ ಓಟಗಾರರು ಬಂದಿದ್ದಾರೆ. ಊರಲ್ಲಿ ಹೋಟೆಲಿಲ್ಲ, ಮನೆಗೊಬ್ಬರಂತೆ ಹಂಚಿದ್ದಾರೆ. ನಮಗೆ ಬಂದವಳು ತಾಷ್ಕೆಂಟಿನ ಹಲ್ಲಿನ ಡಾಕ್ಟರು, ಹೆಸರು ಶಹ್ಲೋ. ಮಗಳ ವಯಸ್ಸು. ಕೈಗಡಿಯಾರ ಅವಳ ಎದೆಬಡಿತವನ್ನೂ ಹೇಳುತ್ತದೆ. ಇವರು ಅದನ್ನು ಕಟ್ಟಿಕೊಂಡು ನೋಡಿ, ತಮ್ಮ ಎದೆ ಅವಳದ್ದಕ್ಕಿಂತ ನಿಧಾನ ಬಡಿಯುತ್ತದೆ ಎಂದು ಗೊತ್ತಾಗಿ ಬೀಗಿದರು.

ನಾಳೆ ಓಡುವವಳು ಇವತ್ತು ಕಡಿಮೆ ತಿನ್ನಬೇಕಂತೆ. ಹಾಗೆಂದು ಅತಿಥಿಯನ್ನು ಹಸಿದು ಮಲಗಿಸಲು ಆಗುತ್ತದೆಯೇ? ಎರಡನೇ ತಟ್ಟೆ ಮುಗಿಸಿ, "ಅಮ್ಮ, ನಾಳೆ ನನ್ನನ್ನ ಉರುಳಿಸ್ಕೊಂಡು ಹೋಗ್ಬೇಕಾಗುತ್ತೆ" ಎಂದಳು.

ದೇವರೇ, ನಾಳೆ ನನ್ನ ಕಾಲು ನೆಲದ ಮೇಲೇ ಇರಲಿ. ಬಸ್ಸಿನ ಮೆಟ್ಟಿಲಿಗೆ ಹೋಗದಿರಲಿ. ಅತ್ತಿಗೆಯ ಮನಸ್ಸೂ ನೋಯದಿರಲಿ. ಎರಡೂ ಹೇಗೆ ಆಗುತ್ತದೋ ನನಗೆ ಗೊತ್ತಿಲ್ಲ, ನಿನಗೆ ಗೊತ್ತು.

ಅಕ್ಟೋಬರ್ 13, ಸೋಮವಾರ

ನಿನ್ನೆ ಪೆನ್ನು ಹಿಡಿಯಲು ಆಗಲಿಲ್ಲ. ಇವತ್ತು ಎಲ್ಲ ಬರೆಯುತ್ತೇನೆ.

ಶಾಲೆಯ ಮುಂದೆ ನಲವತ್ತು ಜನ ಸೇರಿದ್ದೆವು. ಹೊರಡುವ ಮುಂಚೆ ಮುಲ್ಲಾ ಅವರು ದುಆ ಮಾಡಿದರು. ಓಡುವವರಿಗೆ, ನೀರು ಕೊಡುವವರಿಗೆ, ರಸ್ತೆಗೆ, ಮಳೆಗೆ, ಊರಿನ ಕಾಯಿಲೆಯವರಿಗೆಲ್ಲ ಹೆಸರು ಹಿಡಿದು. ಹೊರಗಿನವರು ಕೈಗಡಿಯಾರ ನೋಡುತ್ತಾ ನಿಂತಲ್ಲೇ ಕುಣಿಯುತ್ತಿದ್ದರು. ಜೊಲ್ದಸ್ ಪೀಪಿ ಬಾಯಿಗಿಟ್ಟುಕೊಂಡು ಆಮೀನ್‌ಗೆ ಕಾಯುತ್ತಿದ್ದ. ಆಮೀನ್ ಆಗಿ ಕೈ ಮುಖಕ್ಕೆ ಹೋಗುವುದರೊಳಗೆ ಊದಿಬಿಟ್ಟ. ಎಲ್ಲರೂ ಬಾಣದಂತೆ ಹೋದರು. ನಾನು ಮುಖ ಸವರಿಕೊಂಡು, ಬಿಸ್ಮಿಲ್ಲಾ ಹೇಳಿ, ಬಲಗಾಲು ಮುಂದಿಟ್ಟು ಹೊರಟೆ. ಶಾಲೆಯ ಮೂಲೆ ತಿರುಗುವಷ್ಟರಲ್ಲಿ ನನ್ನ ಹಿಂದೆ ಬಸ್ಸು ಒಂದೇ ಉಳಿದಿತ್ತು.

ಬಸ್ಸಿನ ಸದ್ದು ಕೇಳುತ್ತಾ ಓಡುವುದು ಎಂದರೆ ಬೆನ್ನ ಹಿಂದೆ ಒಂಟೆ ಮೆಲುಕು ಹಾಕುತ್ತಾ ಬರುತ್ತಿದ್ದ ಹಾಗೆ. ಕಚ್ಚುವುದಿಲ್ಲ, ಆದರೆ ಇದೆ. ಸ್ವಲ್ಪ ಹೊತ್ತು ಓಡಿದೆ, ಸ್ವಲ್ಪ ನಡೆದೆ. ನಡೆದಾಗಲೆಲ್ಲ ಬಸ್ಸಿನವನು ಹಾರನ್ ಹೊಡೆಯುತ್ತಿದ್ದ. ತಿರುಗಿ ನೋಡಲಿಲ್ಲ. ಬೈದುಕೊಂಡೆ, ಆಮೇಲೆ ಹರಕೆಯ ದಾರಿಯಲ್ಲಿ ಬೈಯಬಾರದು, ತಪ್ಪಾಯಿತು ಎಂದು ತೌಬಾ ಮಾಡಿಕೊಂಡೆ. ಹೀಗೆ ಬೈಗುಳ ತೌಬಾ ಬೈಗುಳ ತೌಬಾ ಎನ್ನುತ್ತಾ ರೈಲು ಹಳಿ ದಾಟಿತು, ಉಪ್ಪಿನ ಬಯಲೂ ದಾಟಿತು. ನೀರಿನ ಮೇಜಿನಲ್ಲಿ ಮೇಷ್ಟ್ರುಗಳು ಕರ್ಬೂಜದ ಹೋಳಿಗೆ ಉಪ್ಪು ಉದುರಿಸಿ ಕೊಡುತ್ತಿದ್ದರು. ಗಲ್ಲದಿಂದ ರಸ ಇಳಿಯುತ್ತಿದ್ದರೂ ಒರೆಸಿಕೊಳ್ಳದೆ ಓಡಿದೆ. ಯಾರೂ ನೋಡುತ್ತಿರಲಿಲ್ಲ. ನೋಡಿದ್ದರೂ ಅಡ್ಡಿಯಿರಲಿಲ್ಲ.

ಅತ್ತಿಗೆಯ ಊರು ಕಾಣುವ ಹೊತ್ತಿಗೆ ಬಿಸಿಲು ಏರಿತ್ತು, ಬಸ್ಸಿನ ಬಿಸಿ ನನ್ನ ಹಿಮ್ಮಡಿಗೆ ತಾಗುವಷ್ಟು ಹತ್ತಿರ ಬಂದಿತ್ತು. ನೋಡಿದರೆ ರಸ್ತೆಯ ಮೇಲೇ ಜಮಖಾನ ಹಾಸಿದ್ದಾರೆ. ಅದರ ಮೇಲೆ ದಸ್ತರ್‌ಖಾನ್ ಹರಡಿ ರೊಟ್ಟಿ, ಮೊಸರು, ದ್ರಾಕ್ಷಿ, ಒಣ ಏಪ್ರಿಕಾಟ್ ಎಲ್ಲ ಇಟ್ಟಿದ್ದಾರೆ. ನನಗಿಂತ ಮುಂದೆ ಹೋಗಿದ್ದ ನಾಲ್ಕೈದು ಓಟಗಾರರು ಕಾಲು ಮಡಿಸಿ ಕೂತಿದ್ದಾರೆ. ಅಲ್ಮಾಟಿಯ ಬೋಳುತಲೆಯವನೊಬ್ಬ ಏಳಲು ನೋಡುತ್ತಿದ್ದ, ಅತ್ತಿಗೆಯ ಕೈ ಅವನ ಹೆಗಲ ಮೇಲಿತ್ತು. ನಮ್ಮ ಶಹ್ಲೋ ಒಂದು ಕಾಲಿನ ಶೂ ಕಳಚಿ, ಬೊಬ್ಬೆಗೆ ಬಟ್ಟೆ ಕಟ್ಟಿಸಿಕೊಂಡು, ಬಾಯಿತುಂಬ ರೊಟ್ಟಿ ತುಂಬಿಕೊಂಡಿದ್ದಳು.

"ಬಂದಳು ನೋಡಿ ನಮ್ಮ ಕುದುರೆ" ಎಂದರು ಅತ್ತಿಗೆ. "ಕೂತ್ಕೋ."

ನನಗೆ ಅಳು ಬಂತು. "ಅತ್ತಿಗೆ, ನಿಮ್ಮ ಕಾಲಿಗೆ ಬೀಳ್ತೀನಿ. ಬಸ್ಸು ಬಂತು. ಕೂತರೆ ಹರಕೆ ಹೋಗುತ್ತೆ. ನಿಮ್ಮ ತಮ್ಮನ ಜೀವದ ಹರಕೆ."

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಒಂದು ತುಂಡು ರೊಟ್ಟಿ ಮೊಸರಿಗೆ ಅದ್ದಿ ನನ್ನ ಬಾಯಿಗೆ ತುರುಕಿದರು. "ತಿಂದ್ಯಾ? ನಮ್ಮ ಬಾಗಿಲಲ್ಲಿ ತಿಂದ ಹಾಗಾಯ್ತು. ಇನ್ನು ನಡಿ." ಆಮೇಲೆ ನನ್ನನ್ನು ಪಕ್ಕಕ್ಕೆ ಸರಿಸಿ, ಬಸ್ಸಿನ ಮುಂದೆ ಹೋಗಿ ಸೊಂಟಕ್ಕೆ ಕೈಯಿಟ್ಟು ನಿಂತರು. "ಇಳಿಯೋ ಒರಿನ್‌ಬಾಯ್."

ಡ್ರೈವರ್ ಒರಿನ್‌ಬಾಯ್ ಕಿಟಕಿಯಿಂದ ತಲೆ ಹಾಕಿ, "ದೊಡ್ಡಮ್ಮ, ಡ್ಯೂಟಿ ಮೇಲಿದ್ದೀನಿ" ಎಂದ.

"ನಿಮ್ಮಪ್ಪಂಗೂ ಡ್ಯೂಟಿ ಇತ್ತು. ಅವನು ಒಂದು ದಿನ ಈ ಮನೆ ಮುಂದೆ ತಿನ್ನದೆ ಹೋಗ್ಲಿಲ್ಲ. ಕುರಿ ಕೊಯ್ದಿದ್ದೀನಿ. ಕೊಯ್ದ ಕುರಿಗೆ ಬೆನ್ನು ಹಾಕಿ ಹೋಗ್ತೀಯಾ? ಹೋಗು. ನಿಮ್ಮಮ್ಮನಿಗೆ ಇವತ್ತೇ ಫೋನ್ ಮಾಡ್ತೀನಿ."

ಬಸ್ಸಿನ ಎಂಜಿನ್ ಆರಿತು. ಮೊದಲು ಒರಿನ್‌ಬಾಯ್ ಇಳಿದ. ಅವನ ಹಿಂದೆ, ಕೈಯಲ್ಲಿ ಟೋಪಿ ಹಿಡಿದು, ಮೆಟ್ಟಿಲಿನಿಂದ ನಿಧಾನಕ್ಕೆ ಇಳಿದವರು ನಮ್ಮನೆಯವರು.

ಒಂದು ವರ್ಷದಿಂದ ಗಾಡಿ ಹತ್ತದ ಗಂಡಸು. ಬೆಳಗಿನಿಂದ ನನ್ನ ಹಿಂದೆಯೇ ಬಂದಿದ್ದಾರೆ. ಆ ಹಾರನ್ ಹೊಡೆಸಿದ್ದೂ ಅವರೇ. "ನೀನು ನಡೆಯೋಕೆ ಶುರು ಮಾಡ್ದಾಗೆಲ್ಲ ಹೊಡಿ ಅಂತ ಹೇಳಿದ್ದೆ" ಎಂದು ಆಮೇಲೆ ಒಪ್ಪಿಕೊಂಡರು. ಆಗ ಮಾತ್ರ ಜಮಖಾನದ ಮೇಲೆ ಕೂತು, ಡ್ರೈವರನ್ನು ಪಕ್ಕದಲ್ಲಿ ಕೂರಿಸಿಕೊಂಡು, "ಈ ಬಸ್ಸಿನ ಕ್ಲಚ್ಚು ಯಾರು ಕಟ್ಟಿದ್ದು?" ಎಂದು ಶುರು ಮಾಡಿದರು. ಆ ಮಾತು ಶುರುವಾದರೆ ಮುಗಿಯುವುದಿಲ್ಲ ಎಂದು ನನಗೆ ಗೊತ್ತು.

"ಮಾಂಸ ಯಾವಾಗ ಆಗುತ್ತೆ ಅತ್ತಿಗೆ?" ಎಂದೆ, ಇವರು ಎಷ್ಟು ಹೊತ್ತು ಹಿಡಿದಿಟ್ಟಾರು ಎಂದು ತಿಳಿಯಲು.

ಅತ್ತಿಗೆ ಹಿಂದೆ ಕೈ ತೋರಿಸಿದರು. ದೊಡ್ಡ ಕಡಾಯಿ ಒಲೆಯ ಮೇಲೆ ಕೂತಿತ್ತು, ಮುಚ್ಚಳ ಹಾಕಿತ್ತು. ಒಲೆಯೊಳಗೆ ಬೆಂಕಿಯೇ ಇರಲಿಲ್ಲ. ಕಟ್ಟಿಗೆ ಹಾಗೇ ಜೋಡಿಸಿಟ್ಟಿತ್ತು.

"ನೀನು ಅತಾ ದರ್ಗಾ ಮುಟ್ಟಿದೆ ಅಂತ ಫೋನ್ ಬರ್ಲಿ. ಆಮೇಲೆ ಕಡ್ಡಿ ಗೀರ್ತೀನಿ."

ನಾನು ಅವರ ಕೈಯನ್ನು ಕಣ್ಣಿಗೆ ಒತ್ತಿಕೊಂಡೆ. ಅವರು ಕೈ ಕಿತ್ತುಕೊಂಡು, "ಹೋಗ್ತೀಯೋ, ನನ್ನ ಕಟ್ಟಿಗೆ ಬಿಸಿಲಿಗೆ ತಾನಾಗಿ ಹತ್ಕೊಳ್ಳಬೇಕೋ?" ಎಂದು ಗದರಿ, ಖಾಲಿಯಾದ ರೊಟ್ಟಿ ತಟ್ಟೆ ಎತ್ತಿಕೊಳ್ಳಲು ಜಮಖಾನದ ಮೇಲೆ ಕೂತು ಎದ್ದರು. ಏಳುವಾಗ ಎರಡೂ ಕೈ ಮೊಣಕಾಲಿನ ಮೇಲಿಟ್ಟುಕೊಂಡರು.

ಇವರಿಗೆ ಮಾತ್ರ ಕೂಗಿ ಹೇಳಿ ಹೋದೆ. "ಬಾಲದ ಕೊಬ್ಬು ಮುಟ್ಟಬೇಡಿ."

ಶಹ್ಲೋ ಕುಂಟುತ್ತಾ ನನ್ನ ಹಿಂದೆ ಬಂದಳು. ಊರು ದಾಟಿದ ಮೇಲೆ ಮರಳು ಮೆತ್ತಗಿದೆ, ಒಂದು ಹೆಜ್ಜೆ ಇಟ್ಟರೆ ಅರ್ಧ ಹೆಜ್ಜೆ ಹಿಂದೆ ಜಾರುತ್ತದೆ. ಅವಳು ಒಂದು ಸಕ್ಸಾವುಲ್ ಪೊದೆಯ ಪಕ್ಕ ಕೂತುಬಿಟ್ಟಳು. "ಅಮ್ಮ, ನೀವು ಹೋಗಿ. ನಾನು ಬಸ್ಸಿಗೆ ಕಾಯ್ತೀನಿ."

"ಯಾವ ಬಸ್ಸು ಮಗಳೇ? ಕುರಿ ಬೇಯೋಕೆ ಇನ್ನೂ ಒಲೆ ಹಚ್ಚಿಲ್ಲ. ಕಾದ್ರೆ ಸಂಜೆ ಆಗುತ್ತೆ."

ಅವಳು ನಗುತ್ತಾ ಎದ್ದಳು. ಇಬ್ಬರೂ ಒಬ್ಬರ ತೋಳು ಒಬ್ಬರು ಹಿಡಿದು ಸ್ವಲ್ಪ ದೂರ ಓಡಿದೆವು, ಸ್ವಲ್ಪ ದೂರ ನಡೆದೆವು. ದರ್ಗಾದಿಂದ ಊರಿಗೆ ವಾಪಸು ಓಡುತ್ತಿದ್ದ ಗಟ್ಟಿಗರು ಎದುರಿಗೆ ಬಂದರು. ಮೈಯೆಲ್ಲ ಬೆವರಿನ ಉಪ್ಪಿಗೆ ಬಿಳುಚಿ, ಕಣ್ಣು ಎಲ್ಲೋ ದೂರ ನೆಟ್ಟು, ಆದರೂ ಒಬ್ಬೊಬ್ಬರೂ ಎದೆಗೆ ಕೈಯಿಟ್ಟು ಸಲಾಂ ಹೇಳಿ ದಾಟಿದರು. ಅವರನ್ನು ತಿರುಗಿ ತಿರುಗಿ ನೋಡಿದೆ. ಬರುವಾಗಲೂ ಕಾಲೇ, ಹೋಗುವಾಗಲೂ ಕಾಲೇ. ವಾಪಸು ಓಡುವಾಗ ಮರಳು ಆ ಕಡೆಯಿಂದ ಹೇಗೆ ಕಾಣುತ್ತದೋ.

ದರ್ಗಾದ ಮರದ ಕೊಂಬೆಗಳಿಗೆ ಹರಕೆಗೆ ಕಟ್ಟಿದ ಬಟ್ಟೆ ಚೂರುಗಳು ಗಾಳಿಗೆ ಆಡುತ್ತಿದ್ದವು. ಸೈಕಲ್ಲಿನಲ್ಲಿ ಮುಂಚೆಯೇ ಬಂದಿದ್ದ ಜೊಲ್ದಸ್ ಒಂದು ಹಗ್ಗ ಹಿಡಿದು ನಿಂತಿದ್ದ, ಅದನ್ನು ಎದೆಯಿಂದ ತಳ್ಳಿಕೊಂಡು ಹೋಗಬೇಕಂತೆ. ನಾನು ಬಗ್ಗಿ ಅದರ ಕೆಳಗೆ ನುಸುಳಿ ನೀರಿನ ಹೂಜಿಯ ಕಡೆ ಹೋದೆ. ಕೈಕಾಲು ಮುಖ ತೊಳೆದು ವುಜೂ ಮಾಡಿದೆ. ಎರಡು ರಕಾತ್ ನಮಾಜು ಮಾಡಿದೆ. ಸಜ್ದಾದಲ್ಲಿ ಹಣೆ ನೆಲಕ್ಕೆ ತಾಗಿದಾಗ ಮಣ್ಣು ಬೆಚ್ಚಗಿತ್ತು. ಕಾಲು ಮಾತು ಕೇಳದೆ ಬಹಳ ಹೊತ್ತು ಹಾಗೇ ಇದ್ದೆ. ಹರಕೆ ತೀರಿತು. ಅಲ್ಹಮ್ದುಲಿಲ್ಲಾ.

ಎದ್ದ ಮೇಲೂ ಕೂತು ಇನ್ನೊಂದಿಷ್ಟು ದುಆ ಮಾಡಿದೆ.

ಹೊತ್ತು ಇಳಿದ ಮೇಲೆ ಬಸ್ಸು ಬಂತು. ಒಳಗೆಲ್ಲ ಮಾಂಸದ ಘಮ. ಉಳಿದ ಓಟಗಾರರು ಹೊಟ್ಟೆಯ ಮೇಲೆ ಕೈಯಿಟ್ಟು ಮಲಗಿದ್ದರು. ಹರಕೆ ಮುಗಿದಿತ್ತಲ್ಲ, ವಾಪಸು ಬರಲು ನಾನೂ ಹತ್ತಿದೆ. ಇವರು ಡ್ರೈವರ್ ಪಕ್ಕದ ಸೀಟಿನಲ್ಲಿದ್ದರು.

"ಕೊಬ್ಬು ಮುಟ್ಟಿದ್ರಾ?"

"ನೋಡ್ದೆ ಅಷ್ಟೇ" ಎಂದರು. ಮೀಸೆ ಹೊಳೆಯುತ್ತಿತ್ತು.

ಅಕ್ಟೋಬರ್ 17, ಶುಕ್ರವಾರ

ಕಾಲು ನೆಟ್ಟಗಾಯಿತು. ಬೆಳಿಗ್ಗೆ ಪಂಪ್‌ಹೌಸ್‌ವರೆಗೆ ಹೋಗಿ ಬಂದೆ, ನೀರು ಬಿಟ್ಟಿದ್ದಾರೋ ನೋಡಲು. ಅಲ್ಲಿಂದ ರೈಲು ಹಳಿ ಹತ್ತಿರವೇ ಇದೆಯಲ್ಲ ಎಂದು ಅಲ್ಲಿಗೂ ಹೋದೆ.

ಇವರು ಜುಮ್ಮಾ ನಮಾಜಿನಿಂದ ಬಂದ ಮೇಲೆ ಹೇಳಿದೆ. ಹೇಳದೆ ಇಟ್ಟುಕೊಂಡರೆ ಹರಕೆಗೆ ಬಲವಿಲ್ಲ. ಅವತ್ತು ದರ್ಗಾದಲ್ಲಿ ನಮಾಜು ಮುಗಿದ ಮೇಲೆ ಮನಸ್ಸು ಯಾಕೋ ಖಾಲಿ ಖಾಲಿ ಅನ್ನಿಸಿತು. ದೇವರ ಹತ್ತಿರ ಇನ್ನೇನು ಕೇಳುವುದು ಎಂದು ಹುಡುಕಿದೆ. ಇವರು ನೆಟ್ಟಗಿದ್ದಾರೆ. ಮಕ್ಕಳು ಮೊಮ್ಮಕ್ಕಳು ಚೆನ್ನಾಗಿದ್ದಾರೆ. ಆಗ ಅತ್ತಿಗೆ ಏಳುವಾಗ ಮೊಣಕಾಲು ಹಿಡಿದುಕೊಂಡದ್ದು ಕಣ್ಣಿಗೆ ಬಂತು. ಪಾಪ, ನನಗಾಗಿ ಎಷ್ಟು ಒದ್ದಾಡಿದರು. ಅವರ ಮೊಣಕಾಲು ವಾಸಿ ಮಾಡು ತಂದೆ, ಮುಂದಿನ ವರ್ಷ ಮತ್ತೆ ಕಾಲಲ್ಲೇ ಬರುತ್ತೇನೆ ಎಂದು ಹರಕೆ ಹೊತ್ತುಬಿಟ್ಟೆ.

ಇವರು ಫೋನು ತೆಗೆದು ಅಕ್ಕನಿಗೆ ಹಚ್ಚಿ, ನನ್ನ ಕೈಗೆ ಕೊಟ್ಟರು.

"ನನ್ನ ಮೊಣಕಾಲಿಗೇನಾಗಿದೆ?" ಎಂದರು ಅತ್ತಿಗೆ. "ಇವತ್ತೂ ಮಾಳಿಗೆ ಹತ್ತಿ ಹುಲ್ಲು ಇಳಿಸಿದ್ದೀನಿ. ನೆಲದಿಂದ ಏಳೋವಾಗ ಮೊಣಕಾಲು ಹಿಡ್ಕೊಳ್ಳದೆ ಕಿವಿ ಹಿಡ್ಕೊಳ್ತಾರಾ? ನೋವಿಲ್ಲ ಗೀವಿಲ್ಲ. ಗುಂಡುಕಲ್ಲಿನ ಹಾಗಿದ್ದೀನಿ."

ಫೋನ್ ಇಟ್ಟೆ. ಇವರು ಚಹಾ ಬಟ್ಟಲಿನ ಮೇಲಿಂದ ನನ್ನನ್ನೇ ನೋಡುತ್ತಿದ್ದರು.

"ನೋವಿಲ್ವಂತೆ" ಎಂದೆ.

"ಹಾಗಾದ್ರೆ?"

"ಹಾಗಾದ್ರೆ ಏನು, ದೇವರು ಆಗ್ಲೇ ವಾಸಿ ಮಾಡಿಬಿಟ್ಟಿದ್ದಾನೆ. ಇನ್ನು ತೀರಿಸ್ದೆ ಬಿಡೋ ಹಾಗಿಲ್ಲ."

ಇವರು ಬಟ್ಟಲು ಕೆಳಗಿಟ್ಟರು. "ದರ್ಗಾತನಕ ತಾನೇ?"

ನಾನು ರೊಟ್ಟಿ ಮುರಿದು ಇವರ ಮುಂದಿಟ್ಟೆ. ಹರಕೆಯ ವಿಷಯದಲ್ಲಿ ಸುಳ್ಳು ಹೇಳಬಾರದು.

"ಹೋಗಿ ಬರೋದು ಅಂತ ಹೊತ್ತಿದ್ದೀನಿ" ಎಂದೆ.